ಯುಗಾಂಡದವರಿಗೆ ಬೋರಿಂಗ್ ಬಿಡಿಭಾಗ ಮಾಡಲು ಕಲಿಸಿದ್ದು

ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಲೇತ್ ಅಂಗಡಿ ಇದೆ. ದಾಲ್ ಮಿಲ್ಲುಗಳ ಶಾಫ್ಟು, ಪುಲ್ಲಿ ಮಾಡಿಕೊಟ್ಟು ಹೊಟ್ಟೆ ತುಂಬುತ್ತದೆ. ಅದರ ಜೊತೆಗೆ ಕೈಪಂಪಿನ ಕೆಲಸ. ನಮ್ಮ ಕಡೆ ಕೈಪಂಪಿಗೆ ಬೋರಿಂಗ್ ಅಂತಾರೆ. ಅಪ್ಪನ ಕಾಲದಿಂದಲೂ ಕಲಬುರಗಿ ಸುತ್ತಲಿನ ಹಳ್ಳಿಗಳಲ್ಲಿ ಬೋರಿಂಗ್ ಬಿಚ್ಚಿ ಕಟ್ಟುತ್ತಾ ಬಂದಿದ್ದೇವೆ. ಅದನ್ನು ಕೇಳಿಯೇ ಒಂದು ಸಂಸ್ಥೆಯವರು ಬಂದರು. ಯುಗಾಂಡದ ಕೆಲವು ಪಂಪ್ ಮೆಕ್ಯಾನಿಕ್‌ಗಳಿಗೆ ಬಿಡಿಭಾಗ ಮಾಡುವುದನ್ನು ಕಲಿಸಿಕೊಡಿ ಅಂದರು. ಆಫ್ರಿಕಾದ ಪಂಪು ನಾನು ಕಂಡವನೇ ಅಲ್ಲ ಅಂದೆ. ಅವರು ಮೊಬೈಲಿನಲ್ಲಿ ಫೋಟೊ ತೋರಿಸಿದರು. ನೋಡಿದರೆ ನಮ್ಮದೇ ಇಂಡಿಯಾ ಮಾರ್ಕ್ 2! ಅಲ್ಲಿ ಅದಕ್ಕೆ ಯು2 ಅಂತಾರೆ, ಅಷ್ಟೇ.

ಈ ಪಂಪಿನ ಹಿಂದಿನ ಕಥೆ ಸ್ವಲ್ಪ ಹೇಳಿಬಿಡ್ತೀನಿ. 1967ರ ಬಿಹಾರದ ಬರದ ಹೊತ್ತಿಗೆ ಯುನಿಸೆಫ್‌ನವರು ಗಟ್ಟಿ ಕಲ್ಲು ಕೊರೆಯುವ ರಿಗ್‌ಗಳನ್ನು ಹೊರದೇಶದಿಂದ ತಂದರು. ಆಮೇಲೆ ದೇಶದ ತುಂಬ ಕೊಳವೆಬಾವಿಗಳಾದವು. ಆದರೆ ಅವುಗಳ ಮೇಲೆ ಕೂರಿಸಿದ್ದು ಬೀಡು ಕಬ್ಬಿಣದ ಪಂಪುಗಳು. ಅಮೆರಿಕ, ಯೂರೋಪಿನಲ್ಲಿ ಒಂದು ಮನೆಯವರು ಹಿತ್ತಲಲ್ಲಿ ಬಳಸುತ್ತಿದ್ದ ಪಂಪಿನ ನಕಲು ಅವು. ಇಲ್ಲಿ ಬೆಳಗಿನ ಜಾವದಿಂದ ರಾತ್ರಿವರೆಗೆ ಇಡೀ ಊರು ಹೊಡೆದರೆ ತಡೆಯುತ್ತವಾ? ಎಪ್ಪತ್ತರ ದಶಕದ ನಡುವಿನಲ್ಲಿ ಲೆಕ್ಕ ಹಾಕಿದಾಗ ಬಹುಪಾಲು ಪಂಪು ಕೆಟ್ಟು ನಿಂತಿದ್ದವು. ಇದಕ್ಕೆ ದಾರಿ ತೋರಿಸಿದ್ದು ಮಹಾರಾಷ್ಟ್ರದ ಜಾಲ್ನಾ ಮತ್ತು ನಮ್ಮ ಪಕ್ಕದ ಸೊಲ್ಲಾಪುರದ ಮಿಷನ್ ವರ್ಕ್‌ಶಾಪುಗಳು. ಬೀಡು ಬಿಟ್ಟು ಉಕ್ಕಿಗೆ ಬಂದರು. ಹ್ಯಾಂಡಲಿಗೆ ಒಂದೇ ತಿರುಗುಣಿ ಕೊಟ್ಟರು, ರಾಡಿಗೆ ಚೈನು ಹಾಕಿದರು. ಆ ಸೊಲ್ಲಾಪುರ ಪಂಪನ್ನೇ ಇಟ್ಟುಕೊಂಡು ಯುನಿಸೆಫ್, ಭಾರತ ಸರ್ಕಾರ ಮತ್ತು ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಂಪನಿ ಸೇರಿ ಮಾರ್ಕ್ 2 ರೂಪಿಸಿದವು. ಪೇಟೆಂಟಿನ ಗೋಡೆ ಕಟ್ಟಲಿಲ್ಲ. ಡ್ರಾಯಿಂಗ್ ಯಾರು ಬೇಕಾದರೂ ತೆಗೆದುಕೊಂಡು ಮಾಡಬಹುದು. ಇವತ್ತಿಗೂ ಸ್ವಿಟ್ಜರ್ಲೆಂಡಿನಲ್ಲಿರುವ ಒಂದು ಜಾಲ ಆ ಡ್ರಾಯಿಂಗ್‌ಗಳನ್ನು ಪುಕ್ಕಟೆ ಕೊಡುತ್ತದೆ.

ಹಾಗಾದರೆ ಯುಗಾಂಡದವರು ಇಲ್ಲಿಗೆ ಯಾಕೆ ಬರಬೇಕಿತ್ತು? ಡ್ರಾಯಿಂಗ್ ಅವರ ಹತ್ತಿರ ಇತ್ತು, ಲೇತ್ ಇತ್ತು, ಕೈಯಲ್ಲಿ ಕೆಲಸವೂ ಇತ್ತು. ನನ್ನ ಉತ್ತರ ಸಿಕ್ಕಿದ್ದು ಸ್ಪೇಸರ್‌ನಲ್ಲಿ.

ಹ್ಯಾಂಡಲಿನ ಆಕ್ಸಲ್ ಮೇಲೆ ಎರಡು ಬೇರಿಂಗ್ ಕೂರುತ್ತವೆ. ಎರಡರ ನಡುವೆ ಒಂದು ಕೊಳವೆ ತುಂಡು, ಅದೇ ಸ್ಪೇಸರ್. ನೋಡಲಿಕ್ಕೆ ಏನೂ ಇಲ್ಲ. ಆದರೆ ಅದು ಕೂದಲೆಳೆಯಷ್ಟು ಗಿಡ್ಡವಾದರೂ ನಟ್ಟು ಬಿಗಿ ಮಾಡಿದಾಗ ಬೇರಿಂಗ್‌ಗಳ ಒಳಗಿನ ಬಳೆ ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ಹ್ಯಾಂಡಲ್ ಮೊದಲ ದಿನ ಸುಮ್ನೆ ಸ್ವಲ್ಪ ಬಿಗಿ ಅನಿಸುತ್ತದೆ. ಕೆಲವು ತಿಂಗಳಲ್ಲಿ ಬೇರಿಂಗ್ ಗರಗರ ಅನ್ನುತ್ತದೆ, ಆಮೇಲೆ ಆಕ್ಸಲ್ಲೇ ತಿಂದು ಹೋಗುತ್ತದೆ. ಅವರು ತಂದಿದ್ದ ಸ್ಪೇಸರ್ ನೋಡಿದೆ. ಉದ್ದ ಟೇಪಿನಲ್ಲಿ ಸರಿ ಇತ್ತು, ಎರಡು ತುದಿ ಮಾತ್ರ ಒಂದಕ್ಕೊಂದು ಸಮಾನಾಂತರ ಇರಲಿಲ್ಲ. ಹ್ಯಾಕ್ಸಾದಲ್ಲಿ ಕತ್ತರಿಸಿ ಅರ ಹಾಕಿದ್ದರು. ಡ್ರಾಯಿಂಗಿನಲ್ಲಿ ಅಳತೆಯ ಪಕ್ಕ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅಂತ ಬರೆದಿರುತ್ತದೆ. ಆ ಸಣ್ಣ ಅಕ್ಷರ ಯಾಕೆ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಮೊದಲು ಗೇಜ್, ಅಂದರೆ ತುಂಡಿನ ಅಳತೆ ಸರಿಯಿದೆಯಾ ಅಂತ ನೋಡುವ ಸಾಧನ, ಮಾಡಲು ಕಲಿಸಿದೆ. ಒಂದು ಬದಿ ಒಳಗೆ ಹೋಗಬೇಕು, ಇನ್ನೊಂದು ಬದಿ ಹೋಗಬಾರದು. ರಾಡಿನ 12 ಎಂಎಂ ಥ್ರೆಡ್ಡಿಗೂ ಹಾಗೆಯೇ. ಗೇಜ್ ಕೈಗೆ ಬಂದ ಮೇಲೆ ನಾನು ಜಾಸ್ತಿ ಮಾತಾಡಬೇಕಾಗಲಿಲ್ಲ. ಅವರವರ ತುಂಡನ್ನು ಅವರೇ ಬಿಸಾಡಿ ಮತ್ತೆ ಮಾಡುತ್ತಿದ್ದರು.

ಎಲ್ಲವನ್ನೂ ಅಲ್ಲೇ ಮಾಡಿ ಅಂತ ನಾನು ಹೇಳಲಿಲ್ಲ. ಬೇರಿಂಗ್, ಚೈನು ಕೊಂಡುಕೊಳ್ಳಿ. ಪ್ಲಂಜರ್, ಅಂದರೆ ಕೆಳಗೆ ನೀರು ಎತ್ತುವ ಭಾಗ, ಅದರ ನೈಟ್ರೈಲ್ ರಬ್ಬರ್ ವಾಷರ್ ಕೂಡ ಕೊಂಡುಕೊಳ್ಳಿ, ಟಯರ್ ಕತ್ತರಿಸಿ ಹಾಕಬೇಡಿ. ರಾಡು, ಆಕ್ಸಲ್, ಸ್ಪೇಸರ್, ಪೈಪ್ ಎತ್ತುವ ಸ್ಪ್ಯಾನರ್, ಕ್ಲಾಂಪು ಇವು ನಿಮ್ಮ ಅಂಗಡಿಯಲ್ಲೇ ಆಗುತ್ತವೆ. 'ನಾವೇ ಎಲ್ಲ ಮಾಡ್ತೀವಿ' ಅನ್ನುವ ಹುಮ್ಮಸ್ಸಿನಲ್ಲಿ ಕೆಟ್ಟ ವಾಷರ್ ಮಾಡಿದರೆ ನೀರು ಬರದೆ ಬೈಸಿಕೊಳ್ಳುವುದು ಮೆಕ್ಯಾನಿಕ್ಕೇ ಅಲ್ವಾ.

ಅಂಗಡಿಯ ಪಾಠ ಮುಗಿದ ಮೇಲೆ ಆಳಂದ ತಾಲೂಕಿನ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಕೆಟ್ಟ ಪಂಪು, ಹಳೆಯದು. ಜನ ಸೇರಿದರು. ಒಬ್ಬ ಆಯಿ ಕೊಡ ಕೆಳಗಿಟ್ಟು ಕೇಳಿದಳು, "ಇವರು ಎಲ್ಲಿಯವರೋ ಯಪ್ಪಾ?"

"ಆಫ್ರಿಕಾದವರು ಆಯಿ. ಬೋರಿಂಗ್ ಕಲಿಲಿಕ್ಕೆ ಬಂದಾರ."

"ಅಲ್ಲೋ, ಅಷ್ಟು ದೂರದಿಂದ ನಮ್ಮ ಬೋರಿಂಗ್ ಬಿಚ್ಚಲಿಕ್ಕೆ ಬಂದಾರ. ತಾಲೂಕಿನವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗ್ಯಾದ, ಅವರು ಬಂದಿಲ್ಲ ನೋಡು!"

ಇದನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಅಲ್ಲೂ ಇದೇ ಮಾತಂತೆ.

ಮಾರ್ಕ್ 2ರಲ್ಲಿ ವಾಷರ್ ಬದಲಿಸಬೇಕಾದರೂ ಪೈಪೆಲ್ಲ ಮೇಲೆ ಎತ್ತಬೇಕು. ಮಾರ್ಕ್ 3ರಲ್ಲಿ ಪೈಪು ಅಗಲ, ಪ್ಲಂಜರ್ ಒಂದನ್ನೇ ಎಳೆದುಕೊಳ್ಳಬಹುದು. ಇದು ಮಾರ್ಕ್ 2. ಒಂದೊಂದೇ ಪೈಪು ಎತ್ತಿ ಕ್ಲಾಂಪ್ ಹಾಕುತ್ತಾ ಹೋದೆವು. ಮೂರನೆಯ ಪೈಪು ಹೊರಗೆ ಬಂದಾಗ ಅವರಲ್ಲಿ ಹಿರಿಯರೊಬ್ಬರು ಕೆಲಸ ನಿಲ್ಲಿಸಿ ಪೈಪಿನ ಮೇಲೆ ಕೈಯಾಡಿಸಿದರು. ಉಗುರಿನಿಂದ ಕೆರೆದರು. ಬಿಳಿ ಉಪ್ಪಿನ ಪದರ ಉದುರಿತು, ಕೆಳಗೆ ಸತು ಲೇಪ ಹಾಗೇ ಇತ್ತು. ಇದು ಎಷ್ಟು ವರ್ಷದ ಪೈಪು ಅಂತ ಕೇಳಿದರು. ಊರವರು ಲೆಕ್ಕ ಹಾಕಿ ಹದಿನೈದರ ಮೇಲೆ ಅಂದರು. ಅವರು ನಂಬಲಿಲ್ಲ.

ಅವರ ಕಡೆ ಬಹಳ ಜಾಗಗಳಲ್ಲಿ ಇದೇ ಸತು ಲೇಪದ ಜಿಐ ಪೈಪು ಕೆಲವೇ ವರ್ಷಕ್ಕೆ ತೂತಾಗುತ್ತದೆ. ನೀರು ಕೆಂಪಾಗಿ ಬರುತ್ತದೆ, ಕಬ್ಬಿಣದ ವಾಸನೆ, ಬಟ್ಟೆಗೆ ಕಲೆ. ಜನ ಪಂಪು ಬಿಟ್ಟು ಮತ್ತೆ ಹಳ್ಳದ ನೀರಿಗೆ ಹೋಗುತ್ತಾರೆ. ಕಾರಣ ನೆಲ. ನಮ್ಮದು ಕರಿಕಲ್ಲಿನ ನೆಲ, ನೀರು ಗಡುಸು, ಪೈಪಿಗೆ ಸುಣ್ಣ ಹಿಡಿಯುತ್ತದೆ. ಅಲ್ಲಿ ಎಷ್ಟೋ ಕಡೆ ನೀರಿಗೆ ಹುಳಿ ಗುಣ. ಹುಳಿ ಎಷ್ಟು ಅಂತ ತೋರಿಸುವ ಪಿಎಚ್ ಅಂಕಿ 6.5ಕ್ಕಿಂತ ಕೆಳಗಿದ್ದರೆ ಸತು ಲೇಪ ಉಳಿಯುವುದಿಲ್ಲ. ಪಂಪು ಯಾವ ತಪ್ಪೂ ಮಾಡಿಲ್ಲ. ಪೈಪು ಇಳಿಸುವ ಮುಂಚೆ ಒಂದು ಪಿಎಚ್ ಪಟ್ಟಿ ಅದ್ದಿ ನೋಡಬೇಕಿತ್ತು, ಅಷ್ಟೇ. ಹಾಗೆ ನೋಡಿ, ಈ ನೀರಿಗೆ ಈ ಪೈಪು ಬೇಡ ಅನ್ನುವ ಧೈರ್ಯ ಇರುವವನು ಸ್ಥಳೀಯ ಮೆಕ್ಯಾನಿಕ್ ಆಗಿರಬೇಕು. ದೂರದಲ್ಲಿ ಕೂತು ಟೆಂಡರ್ ಬರೆಯುವವನಿಗೆ ಅದು ಗೊತ್ತಾಗಲ್ಲ.

ಭಾನುವಾರ ಬೀದರಿಗೆ ಕರೆದುಕೊಂಡು ಹೋದೆ, ಸುಮ್ನೆ ತಿರುಗಾಡಲಿಕ್ಕೆ. ನೌಬಾದಿನ ಕರೇಜ್ ತೋರಿಸಿದೆ. ಬಹಮನಿಗಳ ಕಾಲದಲ್ಲಿ ಪರ್ಷಿಯಾದಿಂದ ಬಂದ ವಿದ್ಯೆ ಅದು. ನೆಲದೊಳಗೆ ಸುರಂಗ, ಮೇಲಿಂದ ಗಾಳಿಗೆ ಸಾಲಾಗಿ ಬಾವಿಗಳು. ಆದರೆ ಬೀದರಿನ ನೆಲವೇ ಬೇರೆ. ಮೇಲೆ ನೀರು ಹೀರುವ ಕೆಂಪು ಜಂಬಿಟ್ಟಿಗೆ, ಕೆಳಗೆ ನೀರು ಬಿಡದ ಕರಿಕಲ್ಲು. ಕಟ್ಟಿದವರು ಆ ಎರಡೂ ಕೂಡುವ ಕಡೆ ಹುಡುಕಿಕೊಂಡು ಹೋಗಿ ಸುರಂಗ ಕೊರೆದಿದ್ದಾರೆ. ಯುಗಾಂಡದಲ್ಲೂ ಕೆಂಪು ಜಂಬಿಟ್ಟಿಗೆ ನೆಲ ಬಹಳ ಇದೆ. ಅವರು ಆ ಸುರಂಗದ ಗೋಡೆಯ ಮುಂದೆ ಬಹಳ ಹೊತ್ತು ನಿಂತರು, ಕೋಟೆ ನೋಡಲು ಟೈಮೇ ಸಿಗಲಿಲ್ಲ.

ಈಗ ದುಡ್ಡಿನ ಮಾತು. ಪೇಟೆಂಟಿನಂಥ ಹಕ್ಕುಗಳ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ 1995ರಲ್ಲಿ ಜಾರಿಗೆ ಬಂತು. ಅದರ 66.2ನೇ ವಿಧಿ ಹೇಳುವುದಿಷ್ಟು: ಶ್ರೀಮಂತ ದೇಶಗಳು ತಮ್ಮ ಕಂಪನಿಗಳಿಗೆ, ಸಂಸ್ಥೆಗಳಿಗೆ ಪ್ರೋತ್ಸಾಹ ಕೊಟ್ಟು ಅತಿ ಹಿಂದುಳಿದ ದೇಶಗಳಿಗೆ ತಂತ್ರಜ್ಞಾನ ತಲುಪುವಂತೆ ಮಾಡಬೇಕು. ಮಾಡಿದರೆ ಒಳ್ಳೆಯದು ಅಂತಲ್ಲ, ಮಾಡಬೇಕು ಅಂತಲೇ ಇದೆ. 2003ರಿಂದ ವರ್ಷವರ್ಷ ವರದಿಯನ್ನೂ ಕೊಡಬೇಕು. ಯುಗಾಂಡ ಆ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದೆ. ನಮ್ಮ ದೇಶ ಆ ಪಟ್ಟಿಯಲ್ಲೂ ಇಲ್ಲ, ಶ್ರೀಮಂತರ ಸಾಲಿನಲ್ಲೂ ಇಲ್ಲ. ಆದರೆ ಭಾರತ 1964ರಿಂದ ಐಟೆಕ್ ಅನ್ನುವ ಯೋಜನೆಯಲ್ಲಿ ಬೇರೆ ದೇಶದವರಿಗೆ ತರಬೇತಿ ಕೊಡುತ್ತಾ ಬಂದಿದೆ. 2018ರಲ್ಲಿ ತುರ್ಕಿಯ ಗೆಬ್ಜೆಯಲ್ಲಿ ವಿಶ್ವಸಂಸ್ಥೆ ಅತಿ ಹಿಂದುಳಿದ ದೇಶಗಳಿಗಾಗಿಯೇ ಟೆಕ್ನಾಲಜಿ ಬ್ಯಾಂಕ್ ತೆರೆಯಿತು.

ಕಾಗದದ ಮೇಲೆ ಎಲ್ಲ ಇದೆ. ನನ್ನ ಅಂಗಡಿಗೆ ಬಂದವರು ಹೇಳಿದ್ದು ಬೇರೆ. ಅವರ ಊರಿನ ಒಂದು ತರಬೇತಿ ಕೇಂದ್ರಕ್ಕೆ ಯಾರೋ ದಾನಿಗಳು ಕಂಪ್ಯೂಟರ್ ಲೇತ್ ಕೊಟ್ಟಿದ್ದಾರೆ. ಕರೆಂಟು ನೆಟ್ಟಗಿಲ್ಲ, ಟೂಲ್ ತುದಿ ಮುರಿದರೆ ಸಿಗುವುದಿಲ್ಲ, ಮುಚ್ಚಿ ಹೊದಿಕೆ ಹಾಕಿದ್ದಾರೆ. ಹೊಸ ಪಂಪಿನ ಪಕ್ಕ ದಾನಿಯ ಹೆಸರಿನ ಫಲಕ ನೆಡಬಹುದು. ಸ್ಪೇಸರಿನ ಗೇಜಿಗೆ ಫಲಕ ನೆಡಲು ಆಗಲ್ಲ, ಅದಕ್ಕೇ ಗೇಜಿಗೆ ದುಡ್ಡು ಹುಟ್ಟುವುದಿಲ್ಲ. ನನ್ನನ್ನು ಕೇಳಿದರೆ ಹತ್ತು ಪಂಪು ಕಡಿಮೆ ಕೊಡಿ, ಆ ದುಡ್ಡಿನಲ್ಲಿ ಜಿಲ್ಲೆಗೊಂದು ಬಿಡಿಭಾಗದ ಅಂಗಡಿ, ನೀರು ಪರೀಕ್ಷೆಯ ಕಿಟ್ಟು, ಒಂದು ಸೆಟ್ ಗೇಜು, ಮೆಕ್ಯಾನಿಕ್‌ಗೆ ಬೈಕು ಕೊಡಿ ಅಂತೀನಿ.

ಪಂಪು ಸಣ್ಣ ವಿಷಯ ಅಂತ ಅನಿಸುವವರು ನಮ್ಮ ಭಾಗದ ಹಿರಿಯರನ್ನು ಕೇಳಬೇಕು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಕಾಲದಲ್ಲಿ, ಕುಡಿಯುವ ನೀರಿನಿಂದ ಹುಳು ಒಳಹೊಕ್ಕು ಬರುವ ನಾರುಹುಣ್ಣು ಎಷ್ಟು ಮಂದಿಯನ್ನು ಮಲಗಿಸಿತ್ತು! ನೀರು ಸೋಸುವುದು, ಬಾವಿಗೆ ಔಷಧ ಹಾಕುವುದು, ಕೈಪಂಪು ಎಲ್ಲ ಸೇರಿ ಅದು ಹೋಯಿತು. ಭಾರತದಲ್ಲಿ ನಾರುಹುಣ್ಣು ಇಲ್ಲ ಅಂತ 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿತು, ಯುಗಾಂಡಕ್ಕೆ 2009ರಲ್ಲಿ.

ಹೋಗುವಾಗ ಗೇಜುಗಳನ್ನು ಅವರ ಬ್ಯಾಗಿಗೆ ಹಾಕಿಕೊಟ್ಟೆ. ಈಗ ವಾಟ್ಸಾಪಿನಲ್ಲಿ ಫೋಟೊ ಬರುತ್ತಿರುತ್ತವೆ. ಹುಳಿ ನೀರಿನ ಕಡೆ ಸ್ಟೇನ್‌ಲೆಸ್ ಸ್ಟೀಲ್ ಪೈಪು ಇಳಿಸುತ್ತಿದ್ದಾರೆ. ತುಕ್ಕಿನ ಕಾಟ ತಪ್ಪಿತು, ಹೊಸ ಕಾಟ ಶುರುವಾಯಿತು. ಸ್ಟೇನ್‌ಲೆಸ್ ಥ್ರೆಡ್ಡನ್ನು ಒಣಗಿದ್ದಾಗ ಬಿಗಿ ಮಾಡಿದರೆ ಒಂದಕ್ಕೊಂದು ಹಿಡಿದು ಕೂತುಬಿಡುತ್ತದೆ, ಬಿಚ್ಚಲು ಹೋದರೆ ಥ್ರೆಡ್ಡೇ ಕಿತ್ತು ಬರುತ್ತದೆ. ನಾನು ಜೀವಮಾನವೆಲ್ಲ ಜಿಐ ಪೈಪಿನವನು. ಡೇರಿಯ ಸ್ಟೀಲ್ ಪೈಪ್ ಲೈನ್ ಮಾಡುವ ಇಲ್ಲಿನ ಫಿಟ್ಟರ್ ಒಬ್ಬರನ್ನು ಕೇಳಿದೆ. ನಿಧಾನವಾಗಿ ಬಿಗಿ ಮಾಡಿ, ಆಹಾರಕ್ಕೆ ನಡೆಯುವ ಗ್ರೀಸ್ ಹಚ್ಚಿ ಅಂದರು. ಅದನ್ನೇ ಬರೆದು ಕಳಿಸಿದ್ದೇನೆ. ಜೋಡಿ ಕೆಡದೆ ಬಿಚ್ಚಲು ಬಂತಾ ಅಂತ ಅವರು ಮುಂದಿನ ರಿಪೇರಿಯಲ್ಲಿ ನೋಡಿ ಹೇಳಬೇಕು.