ಪಟಾರಾದ ಮರಳಲ್ಲಿ ತಲಕಾಡು ನೆನಪಾಯಿತು

ನಮ್ಮ ಮೈಸೂರಿನವರಿಗೆ ಮರಳು ಮುಚ್ಚಿದ ಊರು ಅಂದರೆ ತಲಕಾಡು. ಚಿಕ್ಕಂದಿನಿಂದ ಅಲ್ಲಿನ ಮರಳು ತುಳಿದು, ಮೆಟ್ಟಿಲಿಳಿದು ದೇವರನ್ನು ನೋಡಿದವಳು ನಾನು. ಅದಕ್ಕೇ ಟರ್ಕಿಗೆ ಹೋಗುವುದೆಂದು ಆದಾಗ ಇಸ್ತಾಂಬುಲ್‌ಗಿಂತ, ಸಮುದ್ರದ ದಡದಲ್ಲಿ ಮರಳು ಮುಚ್ಚಿದ ಹಳೆಯ ಬಂದರು ಊರು ಪಟಾರಾ ಮೇಲೆಯೇ ಆಸೆ ಜಾಸ್ತಿ ಇತ್ತು.

ದಾಲಮನ್‌ವರೆಗೆ ವಿಮಾನ, ಆಮೇಲೆ ಫೆತಿಯೆ ಮೇಲೆ ಮಿನಿ ಬಸ್ಸು. ಉಳಿದದ್ದು ಪಟಾರಾ ಪಕ್ಕದ ಗೆಲೆಮಿಶ್ ಹಳ್ಳಿಯಲ್ಲಿ. ಬೀಚಿನಲ್ಲಿ ಹೋಟೆಲ್ ಕಟ್ಟಲು ಬಿಟ್ಟಿಲ್ಲ, ಎಷ್ಟು ಒಳ್ಳೆಯ ಕೆಲಸ ಅಲ್ವಾ! ಆಗಸ್ಟ್ ಕೊನೆ, ಬಿಸಿಲು ಜೋರು. ಗೇಟು ತೆಗೆಯುವ ಹೊತ್ತಿಗೇ ಹೋಗಿ, ನೀರು, ಟೋಪಿ ಮರೆಯಬೇಡಿ, ಪಾಳು ಊರಿನಲ್ಲಿ ನೆರಳು ಸಿಗುವುದು ಕಷ್ಟ.

ಸಮುದ್ರಕ್ಕೆ ದಾರಿ ಪಾಳು ಊರಿನ ಒಳಗಿಂದಲೇ. ಮೊದಲು ಮೂರು ಕಮಾನಿನ ರೋಮನ್ ಬಾಗಿಲು. ಆಮೇಲೆ, ಹಿಂದೆ ಲಿಸಿಯಾ ಎನ್ನುತ್ತಿದ್ದ ಈ ಪ್ರದೇಶದ ಊರುಗಳ ಒಕ್ಕೂಟ ಸೇರುತ್ತಿದ್ದ ಸಭಾಭವನ. ಆ 23 ಊರುಗಳಲ್ಲಿ ದೊಡ್ಡದಕ್ಕೆ 3 ಮತ, ನಡುವಿನದಕ್ಕೆ 2, ಸಣ್ಣದಕ್ಕೆ 1. ಕಲ್ಲಿನ ಮೆಟ್ಟಿಲ ಮೇಲೆ ಕೂತು ಇದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಪಕ್ಕದ ರಂಗಮಂದಿರ ಎಷ್ಟೋ ಕಾಲ ಮರಳಲ್ಲಿ ಹೂತಿತ್ತು. ಹೂಳು ತುಂಬಿ ಬಂದರು ಮುಚ್ಚಿತು, ಊರೂ ಖಾಲಿಯಾಯಿತು. 'ತಲಕಾಡು ಮರಳಾಗಿ' ಎಂದು ಅಜ್ಜಿ ಹೇಳುತ್ತಿದ್ದದ್ದು ಅಲ್ಲೇ ಕಿವಿಗೆ ಬಂತು.

ಇನ್ನು ಬೀಚು. ಹತ್ತು ಕಿಲೋಮೀಟರಿಗೂ ಉದ್ದದ ಮರಳು. ಛತ್ರಿ ಊರಲು ಹೋದೆ, ಕಾವಲಿನವರು ಓಡಿ ಬಂದು ತಡೆದರು. ಸ್ವಲ್ಪ ದೂರದಲ್ಲೇ ಕಡಲಾಮೆಯ ಗೂಡಿತ್ತು, ಮೇಲೊಂದು ಪಂಜರ. ನನಗೆ ಎದೆ ಧಸಕ್ಕೆಂದಿತು, ಛತ್ರಿಯ ಕೋಲು ಮೊಟ್ಟೆಗೆ ಚುಚ್ಚಿದ್ದರೆ? ತಾಯಿ ರಾತ್ರಿ ದಡಕ್ಕೆ ಬಂದು, ಗುಂಡಿ ತೋಡಿ, ಸುಮಾರು 100 ಮೊಟ್ಟೆ ಇಟ್ಟು ಹೋಗಿಬಿಡುತ್ತದೆ. ಎರಡು ತಿಂಗಳ ಹತ್ತಿರ ಮರಳೇ ಕಾವು ಕೊಡುತ್ತದೆ. ಮರಳು ಬಿಸಿ ಜಾಸ್ತಿಯಾದರೆ ಹೆಣ್ಣು ಮರಿಗಳೇ ಹೆಚ್ಚು. ಹುಟ್ಟಿದ ಮರಿ ಬೆಳಕು ಕಂಡ ಕಡೆಗೆ ಹೊರಡುತ್ತದೆ. ಕತ್ತಲಲ್ಲಿ ಹೊಳೆಯುವುದು ಸಮುದ್ರ ಮಾತ್ರ ಆಗಿರಬೇಕು. ದೀಪ, ಟಾರ್ಚು ಇದ್ದರೆ ದಾರಿ ತಪ್ಪಿ ಸಾಯುತ್ತವೆ. ಅದಕ್ಕೇ ಈ ಕಾಲದಲ್ಲಿ ರಾತ್ರಿ ಬೀಚಿಗೆ ಯಾರನ್ನೂ ಬಿಡುವುದಿಲ್ಲ. ಮರಿಗಳನ್ನು ನೋಡುವ ಆಸೆ ತುಂಬಾ ಇತ್ತು, ಆದರೂ ಸಂಜೆ ಸುಮ್ನೆ ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಒಂದು ಪಂಜರದ ಸುತ್ತ ಮರಳು ಕದಡಿತ್ತು. ಅಲ್ಲಿಂದ ನೀರಿನವರೆಗೆ ಪುಟ್ಟ ಪುಟ್ಟ ಗುರುತುಗಳು, ತೆಳ್ಳಗೆ ಜಡೆ ಹೆಣೆದ ಹಾಗೆ. ಎಣಿಸಲು ಹೋದೆ, ಆಗಲಿಲ್ಲ. ಒಂದನ್ನೂ ತುಳಿಯದೆ ಸುತ್ತು ಹಾಕಿ ನೀರಿಗಿಳಿದೆ.