ವೆಸ್ಟಾ ಬೆನ್ನು ಹತ್ತುವುದು ಹೇಗೆ: ಕಕ್ಷೆಯ ಲೆಕ್ಕದಿಂದ ಬೈನಾಕ್ಯುಲರ್‌ವರೆಗೆ

ಬೈನಾಕ್ಯುಲರ್‌ನಲ್ಲಾಗಲಿ ಆರಿಂಚಿನ ದೂರದರ್ಶಕದಲ್ಲಾಗಲಿ ಕ್ಷುದ್ರಗ್ರಹ ಕಾಣುವುದು ಬರೀ ಚುಕ್ಕಿಯಾಗಿ. ಪಕ್ಕದ ನಕ್ಷತ್ರಕ್ಕೂ ಅದಕ್ಕೂ ನೋಟದಲ್ಲಿ ಏನೇನೂ ವ್ಯತ್ಯಾಸವಿಲ್ಲ. ನಕ್ಷತ್ರ ನಿಂತಲ್ಲೇ ಇರುತ್ತದೆ, ಇದು ಸರಿಯುತ್ತದೆ, ಅಷ್ಟೇ. ಆದ್ದರಿಂದ ಒಂದು ಸಲ ಕಣ್ಣಿಟ್ಟು "ಸಿಕ್ಕಿತು" ಅನ್ನುವುದಕ್ಕೆ ಬೆಲೆಯಿಲ್ಲ. ಎರಡು ರಾತ್ರಿಯ ನೋಟ ಬೇಕು, ಹೋಲಿಸಲು ಪ್ರತಿ ಸಲವೂ ಕೈಯಿಂದ ಬರೆದ ಒಂದು ಚಿತ್ರ ಬೇಕು.

ಕಲಿಯಲು ವೆಸ್ಟಾ ಎಂಬ ಕ್ಷುದ್ರಗ್ರಹಕ್ಕಿಂತ ಒಳ್ಳೆಯ ಗುರಿ ಇಲ್ಲ. ಅದರ ವ್ಯಾಸ ಸುಮಾರು 525 ಕಿ.ಮೀ. ಸೀರೀಸ್ ಎಂಬ ಇನ್ನೊಂದು ಕಾಯ ಇದಕ್ಕಿಂತ ದೊಡ್ಡದಾದರೂ ಅದರ ಮೈ ಕಪ್ಪು. ವೆಸ್ಟಾ ಬಿದ್ದ ಬೆಳಕಿನ ಶೇ 40ರಷ್ಟನ್ನು ಹಿಂದಿರುಗಿಸುವುದರಿಂದ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಅತಿ ಪ್ರಕಾಶಮಾನ. ಸೂರ್ಯನನ್ನು ಸುತ್ತಲು ಅದಕ್ಕೆ 3.63 ವರ್ಷ ಬೇಕು. ಭೂಮಿ ಸರಾಸರಿ ಹದಿನಾರೂವರೆ ತಿಂಗಳಿಗೊಮ್ಮೆ ಅದನ್ನು ಹಿಂದೆ ಹಾಕುತ್ತದೆ. ಆಗ ವೆಸ್ಟಾ ಸೂರ್ಯನಿಗೆ ನೇರ ಎದುರು, ಅಂದರೆ ವಿಯುತಿಯಲ್ಲಿ ಇರುತ್ತದೆ. ಅಂಥ ಒಂದು ವಿಯುತಿ 2026ರ ಅಕ್ಟೋಬರ್ ಮಧ್ಯಭಾಗದಲ್ಲಿದೆ. ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಸುಕು) ಸುಮಾರು 6.3, ಜಾಗ ಸೀಟಸ್ ನಕ್ಷತ್ರಪುಂಜ. ನಡುರಾತ್ರಿಯ ಆಸುಪಾಸಿನಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ದಕ್ಷಿಣ ದಿಕ್ಕಿಗೆ ಸುಮಾರು 74 ಡಿಗ್ರಿ ಎತ್ತರ, ಬೀದರ್‌ನಲ್ಲಿ 69. ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ ಬೀಳುವುದರಿಂದ ಅದರ ಹಿಂದಿನ ಮೂರ್ನಾಲ್ಕು ರಾತ್ರಿ, ಮುಂದಿನ ಒಂದು ವಾರ ಚಂದ್ರನ ಕಾಟ ಅಷ್ಟಾಗಿ ಇರುವುದಿಲ್ಲ. ಮೋಡದ ಕಾಟ ಇದ್ದೇ ಇರುತ್ತದೆ, ಹಾಗಾಗಿ ಒಂದೇ ದಿನವನ್ನು ನೆಚ್ಚಿಕೊಳ್ಳಬೇಡಿ.

ಪಟ್ಟಿ ತೆಗೆಯುವುದು

ಯಾವ ಕಾಯ ಯಾವ ಹೊತ್ತಿಗೆ ಆಕಾಶದಲ್ಲಿ ಎಲ್ಲಿರುತ್ತದೆ ಎಂಬ ಪಟ್ಟಿ ಮೊದಲು ಬೇಕು. ಅದನ್ನು ಕೊಡುವ, ನಾಸಾದ ಜೆಪಿಎಲ್ ಪ್ರಯೋಗಾಲಯ ನಡೆಸುವ ಹೊರೈಜನ್ಸ್ ಅಂತರ್ಜಾಲ ಸೇವೆ ಉಚಿತ, ನಂಬಿಕಸ್ತ. ಮೊದಲು ಎಡವುವುದೂ ಅಲ್ಲೇ: ವೆಸ್ಟಾದ ಕ್ರಮಸಂಖ್ಯೆ 4 ಎಂದು ಬರೀ 4 ಒತ್ತಿದರೆ ಬರುವುದು ಮಂಗಳ! ಅಂಕಿಯ ನಂತರ ಅರ್ಧವಿರಾಮ ಚಿಹ್ನೆ ಹಾಕಿ "4;" ಎಂದು ಕೊಟ್ಟರೆ ಮಾತ್ರ ಅದು ಸಣ್ಣ ಕಾಯಗಳ ಪಟ್ಟಿಯಲ್ಲಿ ಹುಡುಕುತ್ತದೆ. ಹೆಸರನ್ನೇ ಬರೆದರೂ ಆಯಿತು.

ವೀಕ್ಷಕರ ಸ್ಥಳಕ್ಕೆ ನಿಮ್ಮ ಊರಿನ ರೇಖಾಂಶ, ಅಕ್ಷಾಂಶ, ಎತ್ತರ ಕೊಡಿ. ಬೆಂಗಳೂರಾದರೆ ಪೂರ್ವ 77.59, ಉತ್ತರ 12.97, 0.92 ಕಿ.ಮೀ. ವೇಳೆಯ ಹೆಜ್ಜೆ ಒಂದು ದಿನ ಸಾಕು. ಕಾಲಮ್‌ಗಳಲ್ಲಿ 1 (ಆರ್‌ಎ ಮತ್ತು ಡೆಕ್, ಅಂದರೆ ಆಕಾಶದ ರೇಖಾಂಶ, ಅಕ್ಷಾಂಶ ಇದ್ದಂತೆ), 3 (ಚಲನೆಯ ದರ), 4 (ದಿಕ್ಕು ಮತ್ತು ಎತ್ತರ), 9 (ಕಾಂತಿಮಾನ), 20 (ದೂರ) ಇಷ್ಟನ್ನು ಆರಿಸಿ. ಹೊಸದಾಗಿ ಪತ್ತೆಯಾದ ಕಾಯವಾದರೆ 36 ಕೂಡ ಬೇಕು. ಅದು ಸ್ಥಾನದಲ್ಲಿ ಎಷ್ಟು ಅನಿಶ್ಚಿತತೆ ಇದೆ ಎಂದು ಹೇಳುತ್ತದೆ. ಆ ಅಂಕಿ ನಿಮ್ಮ ದೂರದರ್ಶಕದ ನೋಟವಲಯಕ್ಕಿಂತ ದೊಡ್ಡದಿದ್ದರೆ ಪಟ್ಟಿ ಹೇಳಿದ ಜಾಗದಲ್ಲಿ ಏನೂ ಕಾಣದಿದ್ದರೂ ಆಶ್ಚರ್ಯವಿಲ್ಲ.

ಪಟ್ಟಿಯ ವೇಳೆ ಯುಟಿ, ಅಂದರೆ ಗ್ರೀನಿಚ್ ವೇಳೆ. ನಮ್ಮ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ 9.30 ಎಂದರೆ ಅದೇ ದಿನದ 16.00 ಯುಟಿ, ಬೆಳಗಿನ ಜಾವ 2 ಗಂಟೆ ಎಂದರೆ *ಹಿಂದಿನ* ದಿನದ 20.30. ಈ ತಾರೀಖಿನ ಎಡವಟ್ಟು ಬಹಳ ಸಾಮಾನ್ಯ. ವೆಸ್ಟಾದ ವಿಷಯದಲ್ಲಿ ಇಡೀ ದಿನ ತಪ್ಪಿದರೂ ಕಾಲು ಡಿಗ್ರಿ ವ್ಯತ್ಯಾಸ, ನಡೆಯುತ್ತದೆ. ಭೂಮಿಯ ಹತ್ತಿರ ಹಾದುಹೋಗುವ ಕಾಯಕ್ಕೆ ಹಾಗಲ್ಲ, ಅಷ್ಟು ಹೊತ್ತಿಗೆ ಅದು ಬೇರೊಂದು ಪುಂಜಕ್ಕೇ ಹೋಗಿರಬಹುದು.

ಇನ್ನೊಂದು ತೊಡಕು: ಕಾಲಮ್ 1ರ ಅಂಕಿಗಳು 2000ನೇ ವರ್ಷದ ನಿರ್ದೇಶಾಂಕ ಚೌಕಟ್ಟಿನವು. ಗುರಿಯತ್ತ ದೂರದರ್ಶಕವನ್ನು ತಾವೇ ತಿರುಗಿಸುವ ಗೋ-ಟು ಮೌಂಟ್‌ಗಳಲ್ಲಿ ಹಲವು ಇವತ್ತಿನ ಚೌಕಟ್ಟನ್ನು ಬಳಸುತ್ತವೆ. ಭೂಮಿಯ ಅಕ್ಷವೇ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಈ ಎರಡರ ನಡುವೆ 2026ರಲ್ಲಿ ಹೆಚ್ಚುಕಡಿಮೆ 22 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಅಂತರವಿದೆ, ಹುಣ್ಣಿಮೆ ಚಂದ್ರನ ಮುಕ್ಕಾಲು ಭಾಗದಷ್ಟು. ಸಣ್ಣ ನೋಟವಲಯದ ಕ್ಯಾಮೆರಾದಲ್ಲಿ ಗುರಿ ಚೌಕಟ್ಟಿನ ಹೊರಗೇ ಉಳಿಯಲು ಇಷ್ಟು ಸಾಕು. ಮೌಂಟ್‌ನ ಸೆಟ್ಟಿಂಗ್ ನೋಡಿ, ಬೇಕಾದರೆ ಇವತ್ತಿನ ಚೌಕಟ್ಟಿನ ಕಾಲಮ್ 2 ಬಳಸಿ.

ಆಕಾಶನಕ್ಷೆ ತೋರಿಸುವ ಸ್ಟೆಲೇರಿಯಂ ಬಳಸುವವರಿಗೆ: ಈ ತಂತ್ರಾಂಶ ತನ್ನಲ್ಲಿರುವ ಕಕ್ಷೆಯ ಅಂಕಿಗಳನ್ನೇ ಹಿಡಿದುಕೊಂಡು ಲೆಕ್ಕ ಹಾಕುತ್ತದೆ, ಗುರು ಗ್ರಹದ ಎಳೆತವನ್ನು ಸೇರಿಸುವುದಿಲ್ಲ. ಹಳೆಯ ಅಂಕಿಗಳಿದ್ದರೆ ತೋರಿಸುವ ಜಾಗವೂ ಹಳಸಲು. ಪ್ಲಗಿನ್‌ಗಳಲ್ಲಿರುವ ಸೋಲಾರ್ ಸಿಸ್ಟಮ್ ಎಡಿಟರ್ ಚಾಲೂ ಮಾಡಿ, ಕ್ಷುದ್ರಗ್ರಹಗಳ ಅಳತೆ ಸಂಗ್ರಹಿಸುವ ಮೈನರ್ ಪ್ಲಾನೆಟ್ ಸೆಂಟರ್‌ನಿಂದ ಹೊಸ ಅಂಕಿಗಳನ್ನು ತರಿಸಿಕೊಳ್ಳಿ. ಹೊರೈಜನ್ಸ್‌ನ ಒಂದು ಸಾಲಿನೊಡನೆ ತಾಳೆ ನೋಡಿದ ಮೇಲೆಯೇ ನಕ್ಷೆ ಮುದ್ರಿಸಿ.

ಆಕಾಶದಲ್ಲಿ ಹಿಡಿಯುವುದು

ಆ ಅಕ್ಟೋಬರ್‌ನಲ್ಲಿ ಶನಿ ಹತ್ತಿರದಲ್ಲೇ ಇರುವುದು ಅನುಕೂಲ. ಶನಿಯಿಂದ ಪೂರ್ವಕ್ಕೆ, ಕೊಂಚ ದಕ್ಷಿಣಕ್ಕೆ ವಾಲಿ, ಸುಮಾರು 13 ಡಿಗ್ರಿ ಹೋಗಬೇಕು. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಅದರ ಮೇಲೆ ಎರಡು ಬೆರಳು. 10×50 ಬೈನಾಕ್ಯುಲರ್ ಆರೂವರೆ ಡಿಗ್ರಿಯಷ್ಟು ಆಕಾಶ ತೋರಿಸುತ್ತದೆ. ನಕ್ಷೆಯಲ್ಲೂ ಅಷ್ಟೇ ಅಗಲದ ವೃತ್ತ ಎಳೆದು, ಕಾಂತಿಮಾನ 8.5ರವರೆಗಿನ ನಕ್ಷತ್ರಗಳು ಬರುವಂತೆ ನೋಡಿಕೊಳ್ಳಿ. ನಕ್ಷೆಯಲ್ಲಿ 7ಕ್ಕೇ ನಿಲ್ಲಿಸಿದರೆ ಕಣ್ಣಿಗೆ ಕಾಣುವ ಚುಕ್ಕಿಗಳು ನಕ್ಷೆಯಲ್ಲಿ ಸಿಗದೆ, ಪ್ರತಿಯೊಂದೂ ವೆಸ್ಟಾ ಅನ್ನಿಸತೊಡಗುತ್ತದೆ. 11ರವರೆಗೆ ಹಾಕಿದರೆ ಕಾಗದವೆಲ್ಲ ಚುಕ್ಕಿ.

ಇಪ್ಪತ್ತು ನಿಮಿಷ ಕಣ್ಣು ಕತ್ತಲಿಗೆ ಒಗ್ಗಲಿ. ಬೈನಾಕ್ಯುಲರನ್ನು ಟ್ರೈಪಾಡಿಗೆ ಬಿಗಿಯಿರಿ. ಕೈಯಲ್ಲಿ ಹಿಡಿದು ಮಸುಕು ನಕ್ಷತ್ರಗಳ ಚಿತ್ರ ಬರೆಯುವುದು ಆಗದ ಮಾತು. ನಕ್ಷೆ ಹೇಳುವ ಜಾಗದ ಸುತ್ತಲಿನ ಏಳೆಂಟು ನಕ್ಷತ್ರಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಅನುಮಾನದ ಚುಕ್ಕಿಗೆ ಸುತ್ತು ಹಾಕಿ, ವೇಳೆ ಬರೆಯಿರಿ. ಮುದ್ರಿತ ನಕ್ಷೆಯ ಮೇಲೇ ಗುರುತು ಮಾಡಬೇಡಿ, ನಕ್ಷೆ ಹೇಳಿದ್ದನ್ನೇ ಕಣ್ಣು ನಂಬಿಬಿಡುತ್ತದೆ. ಎರಡು ಅಥವಾ ಮೂರು ರಾತ್ರಿ ಬಿಟ್ಟು ಮತ್ತೆ ಬರೆಯಿರಿ. ವಿಯುತಿಯ ಹೊತ್ತಿಗೆ ವೆಸ್ಟಾ ದಿನಕ್ಕೆ 15 ಆರ್ಕ್‌ಮಿನಿಟ್, ಅಂದರೆ ಚಂದ್ರಬಿಂಬದ ಅರ್ಧದಷ್ಟು, ಪಶ್ಚಿಮಕ್ಕೆ ವಕ್ರಗತಿಯಲ್ಲಿ ಸರಿಯುತ್ತದೆ. ಮೂರು ದಿನಕ್ಕೆ ಮುಕ್ಕಾಲು ಡಿಗ್ರಿ. ಚಿತ್ರದಲ್ಲಿ ಎದ್ದು ಕಾಣುತ್ತದೆ. ದೂರದರ್ಶಕವಿದ್ದು ಪಕ್ಕದಲ್ಲೊಂದು ನಕ್ಷತ್ರ ಸಿಕ್ಕರೆ ಒಂದೇ ರಾತ್ರಿ ಮೂರು ಗಂಟೆಯಲ್ಲಿ ಎರಡು ಆರ್ಕ್‌ಮಿನಿಟ್ ಸರಿದದ್ದೂ ತಿಳಿಯುತ್ತದೆ.

ವಿಯುತಿಗೆ ಒಂದೂವರೆ ತಿಂಗಳ ಹಿಂದೆ ಅಥವಾ ಮುಂದೆ ಮಾತ್ರ ಈ ಪ್ರಯೋಗಕ್ಕೆ ಇಳಿಯಬೇಡಿ. ಆಗ ವೆಸ್ಟಾ ದಿಕ್ಕು ಬದಲಿಸುವ ಹೊತ್ತು, ನಾಲ್ಕು ದಿನ ಕಾದರೂ ನಿಂತಂತೆಯೇ ಕಾಣುತ್ತದೆ.

ಕಕ್ಷೆಯ ಲೆಕ್ಕ, ಕೈಯಾರೆ

ಪಟ್ಟಿಯ ಹಿಂದೆ ಇರುವುದು ಆರು ಅಂಕಿಗಳು. ಕಕ್ಷೆಯ ಗಾತ್ರ (ವೆಸ್ಟಾಗೆ 2.36 ಖಗೋಳಮಾನ; ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ ಒಂದು ಖಗೋಳಮಾನ), ಉತ್ಕೇಂದ್ರತೆ, ಅಂದರೆ ಕಕ್ಷೆ ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬುದು (0.09), ಓರೆ (7.1 ಡಿಗ್ರಿ), ಕಕ್ಷೆ ಯಾವ ಕಡೆ ತಿರುಗಿದೆ ಎಂದು ಹೇಳುವ ಎರಡು ಕೋನಗಳು, ಗೊತ್ತಾದ ದಿನ ಕಾಯ ಎಲ್ಲಿತ್ತು ಎನ್ನುವ ಮಧ್ಯಕ ಕೋನ. ಈ ಕೊನೆಯದು ಮಾತ್ರ ದಿನದಿನಕ್ಕೂ ಬೆಳೆಯುತ್ತದೆ, ವೆಸ್ಟಾಗೆ ದಿನಕ್ಕೆ 0.2716 ಡಿಗ್ರಿ.

2026ರ ಅಕ್ಟೋಬರ್ ಮಧ್ಯದಲ್ಲಿ ಅದು ಸುಮಾರು 116 ಡಿಗ್ರಿ. ಇದರಿಂದ ಉತ್ಕೇಂದ್ರ ಕೋನ (ಕಾಯದ ನಿಜವಾದ ಜಾಗಕ್ಕೆ ಕೊಂಡೊಯ್ಯುವ ನಡುವಿನ ಕೋನ) ತೆಗೆಯಲು ಕೆಪ್ಲರ್ ಸಮೀಕರಣ: ಉತ್ಕೇಂದ್ರ ಕೋನ = ಮಧ್ಯಕ ಕೋನ + ಉತ್ಕೇಂದ್ರತೆ × ಅದೇ ಉತ್ಕೇಂದ್ರ ಕೋನದ ಸೈನ್. ಉತ್ತರ ಎರಡೂ ಕಡೆ ಇರುವುದರಿಂದ ಸುತ್ತಿ ಸುತ್ತಿ ಬಿಡಿಸಬೇಕು. ಡಿಗ್ರಿಯಲ್ಲಿ ಲೆಕ್ಕ ಹಾಕುವಾಗ ಉತ್ಕೇಂದ್ರತೆಯನ್ನು 57.3ರಿಂದ ಗುಣಿಸಿ 5.16 ಮಾಡಿಕೊಳ್ಳಿ, ಇದನ್ನು ಮರೆತರೆ ಉತ್ತರ 116ರ ಹತ್ತಿರವೇ ಉಳಿದು, ಸರಿಯಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. 116ರಿಂದ ಶುರುಮಾಡಿದರೆ ಮೊದಲ ಸುತ್ತಿಗೆ 120.64, ಎರಡನೆಯದಕ್ಕೆ 120.44, ಮೂರನೆಯದಕ್ಕೆ 120.45. ಅಲ್ಲಿಗೆ ನಿಂತಿತು. ಸೂರ್ಯನಿಂದ ದೂರ = 2.36 × (1 − 0.09 × ಕೋಸೈನ್ 120.45) = 2.47 ಖಗೋಳಮಾನ. ಉಳಿದ ಮೂರು ಕೋನಗಳಿಂದ ತಿರುಗಿಸಿ, ಭೂಮಿಯ ಸ್ಥಾನ ಕಳೆದರೆ ಆಕಾಶದ ದಿಕ್ಕು ಸಿಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಇಪ್ಪತ್ತು ಸಾಲಿನ ಕೆಲಸ.

ಫಲಿತಾಂಶ ಹೊರೈಜನ್ಸ್‌ಗಿಂತ ಹತ್ತು ಆರ್ಕ್‌ಸೆಕೆಂಡಿಗೂ (ಆರ್ಕ್‌ಮಿನಿಟ್‌ನ ಅರವತ್ತನೇ ಒಂದು ಭಾಗ) ಮಿಕ್ಕಿ ಬೇರೆಯಾದರೆ ಮೊದಲು ಬೆಳಕಿನ ಪಯಣವನ್ನು ನೆನಪಿಸಿಕೊಳ್ಳಿ. ಒಂದು ಖಗೋಳಮಾನಕ್ಕೆ 499 ಸೆಕೆಂಡು. ವೆಸ್ಟಾದಿಂದ ಹೊರಟ ಬೆಳಕು ಆಗ ನಮ್ಮನ್ನು ಮುಟ್ಟಲು 12 ನಿಮಿಷ ಹಿಡಿಯುತ್ತದೆ. ಅಷ್ಟು ಹಿಂದಿನ ಸ್ಥಾನವನ್ನೇ ಲೆಕ್ಕ ಹಾಕಬೇಕು.

ಅಳತೆ ಮಾಡಿ ಕಕ್ಷೆ ಕಟ್ಟುವುದು

ಕ್ಯಾಮೆರಾ ಇದ್ದವರು ಇದನ್ನೇ ತಿರುಗುಮುರುಗಾಗಿ ಮಾಡಬಹುದು. ಒಂದು ಪಿಕ್ಸೆಲ್ ಎಷ್ಟು ಆಕಾಶ ಹಿಡಿಯುತ್ತದೆ ಎಂದು ತಿಳಿಯಲು ಪಿಕ್ಸೆಲ್ ಅಳತೆಯನ್ನು (ಮೈಕ್ರಾನ್) 206ರಿಂದ ಗುಣಿಸಿ ನಾಭಿದೂರದಿಂದ (ಮಿ.ಮೀ.) ಭಾಗಿಸಿ. 3.8 ಮೈಕ್ರಾನ್, 750 ಮಿ.ಮೀ. ಆದರೆ ಪಿಕ್ಸೆಲ್‌ಗೆ ಒಂದು ಆರ್ಕ್‌ಸೆಕೆಂಡ್. ವೆಸ್ಟಾ ನಿಮಿಷಕ್ಕೆ ಸರಿಯುವುದು 0.6 ಆರ್ಕ್‌ಸೆಕೆಂಡ್ ಮಾತ್ರ, ಆದ್ದರಿಂದ ಗೆರೆಯಾಗುವ ಭಯವಿಲ್ಲ. ಅದರ ಹೊಳಪೇ ತೊಂದರೆ: ಚುಕ್ಕಿಯ ನಡು ಬೆಳ್ಳಗೆ ಉಕ್ಕಿದರೆ ಕೇಂದ್ರ ಅಳೆಯಲಾಗದು. ಎಕ್ಸ್‌ಪೋಷರ್ ಕಡಿಮೆ ಇಡಿ. ನಿಮಿಷಕ್ಕೆ 30 ಆರ್ಕ್‌ಸೆಕೆಂಡ್ ಓಡುವ ಕಾಯಕ್ಕಾದರೆ ಎರಡು ಸೆಕೆಂಡೇ ಮಿತಿ. ಲ್ಯಾಪ್‌ಟಾಪ್ ಗಡಿಯಾರವನ್ನು ಅಂತರ್ಜಾಲದ ಸಮಯಕ್ಕೆ ಹೊಂದಿಸಿ, ಏಕೆಂದರೆ ವೇಗದ ಕಾಯದಲ್ಲಿ ಸಮಯದ ತಪ್ಪು ನೇರವಾಗಿ ಸ್ಥಾನದ ತಪ್ಪಾಗುತ್ತದೆ.

ಆಸ್ಟ್ರೊಮೆಟ್ರಿಕಾ ತಂತ್ರಾಂಶ ಗಾಯಾ ನಕ್ಷತ್ರಪಟ್ಟಿಯೊಡನೆ ಹೋಲಿಸಿ ಆರ್‌ಎ, ಡೆಕ್ ಕೊಡುತ್ತದೆ. ಅವನ್ನು ಫೈಂಡ್ ಆರ್ಬ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಉಣಿಸಿದರೆ ಕಕ್ಷೆ. ಒಂದೇ ರಾತ್ರಿಯ ಐವತ್ತು ಅಳತೆಗಳಿಂದ ಬರುವ ಕಕ್ಷೆ ಕೆಲಸಕ್ಕೆ ಬಾರದು, ಯಾಕೆಂದರೆ ಅಷ್ಟು ಚಿಕ್ಕ ತುಂಡು ನೂರಾರು ಕಕ್ಷೆಗಳಿಗೆ ಹೊಂದುತ್ತದೆ. ವಾರಕ್ಕೊಂದು ರಾತ್ರಿಯಂತೆ ಆರು ವಾರ ಅಳೆಯುವುದು ಲೇಸು. 1801ರ ಜನವರಿ 1ರಿಂದ ಫೆಬ್ರವರಿ 11ರವರೆಗೆ ಖಗೋಳಜ್ಞ ಪಿಯಾಜಿ ಮಾಡಿದ ಅಳತೆಗಳಿಂದಲೇ ಗಣಿತಜ್ಞ ಗೌಸ್ ಸೀರೀಸ್‌ನ ಕಕ್ಷೆ ಕಟ್ಟಿದ್ದು. ಕಳೆದುಹೋಗಿದ್ದ ಸೀರೀಸ್ ಅದೇ ಡಿಸೆಂಬರ್ ಕೊನೆಗೆ ಮತ್ತೆ ಸಿಕ್ಕಿತು. ನಮ್ಮ ಕಡೆಯದು ಬೇಕೆಂದರೆ 1988ರಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಪತ್ತೆಯಾದ 4130 ರಾಮಾನುಜನ್ ಎಂಬ ಕ್ಷುದ್ರಗ್ರಹ ಇದೆ. ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಒಂದು ಸೆಟ್ಟಿಂಗ್ ಬಗ್ಗೆ ಕೊನೆಯ ಮಾತು. ವೀಕ್ಷಕರ ಸ್ಥಳ ಕೊಡದೆ ಭೂಕೇಂದ್ರದಿಂದಲೇ ಪಟ್ಟಿ ತೆಗೆದರೆ ವೆಸ್ಟಾದ ಸ್ಥಾನ ತಪ್ಪುವುದು ಆರೇ ಆರು ಆರ್ಕ್‌ಸೆಕೆಂಡ್. ಚಂದ್ರನಷ್ಟು ದೂರದ ಕಾಯಕ್ಕೆ ಅದೇ ತಪ್ಪು ಒಂದು ಡಿಗ್ರಿಯವರೆಗೆ ಹೋಗುತ್ತದೆ. 2029ರ ಏಪ್ರಿಲ್ 13ರಂದು (ಯುಟಿ ಲೆಕ್ಕ, ನಮ್ಮಲ್ಲಿ 14ರ ಬೆಳಗಿನ ಜಾವ) ಅಪೋಫಿಸ್ ಎಂಬ ಕ್ಷುದ್ರಗ್ರಹ ನೆಲದಿಂದ ಸುಮಾರು 32,000 ಕಿ.ಮೀ. ಮೇಲಷ್ಟೇ ಹಾದುಹೋಗಲಿದೆ, ಆ ರಾತ್ರಿ ಊರಿನ ನಿರ್ದೇಶಾಂಕ ಹಾಕದ ಪಟ್ಟಿ ಹಿಡಿದು ಹೊರಟವರಿಗೆ ಅದು ಸಿಗುವುದಿಲ್ಲ.