ಪ್ಯಾಚ್ ತಿರುಗಿಸಿ ನೋಡಿ: ಹಳೆಯ ವಾಯುಪಡೆ ಬ್ಯಾಡ್ಜುಗಳ ಜೊತೆ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಎಂಬ್ರಾಯ್ಡರಿ ಅಂಗಡಿ ಇದೆ. ಜೂನ್ ಬಂತೆಂದರೆ ಶಾಲೆಗಳ ಬ್ಯಾಡ್ಜ್ ಕೆಲಸ, ಮದುವೆ ಸೀಸನ್ನಿನಲ್ಲಿ ಬ್ಲೌಸ್ ಕೆಲಸ. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ದಾರ ಕೈಗೆ ಸಿಕ್ಕರೆ ಎರಡು ಬೆರಳಲ್ಲಿ ಹೊಸೆದು ನೋಡುವ ಅಭ್ಯಾಸ ಅವರಿಂದ ಬಂದದ್ದು. ಹಳೆಯ ಯುದ್ಧವಿಮಾನದವರ ಪ್ಯಾಚ್ ಕೂಡಿಡುವ ಹುಚ್ಚು ಮಾತ್ರ ನನ್ನದೇ.

ಶುರುವಿನಲ್ಲೇ ಒಂದು ಪೆಟ್ಟು ತಿಂದೆ. ಕೊಂಡದ್ದು ಎರಡನೇ ಮಹಾಯುದ್ಧದ ಸಿಬಿಐ ಪ್ಯಾಚ್. ಚೀನಾ, ಬರ್ಮಾ, ಇಂಡಿಯಾ ರಣರಂಗದಲ್ಲಿದ್ದ ಅಮೆರಿಕದ ಸೈನಿಕರು ತೋಳಿಗೆ ಹಾಕುತ್ತಿದ್ದ ಗುರಾಣಿ ಆಕಾರದ ಗುರುತು ಅದು. ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ, ಕೆಳಗೆ ಕೆಂಪು ಬಿಳಿ ಪಟ್ಟೆ. ತಾತ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿದ್ದರು, ಅಮೆರಿಕದವನೊಬ್ಬ ಕೊಟ್ಟಿದ್ದ ಅಂತ ಮಾರಿದವರು ಹೇಳಿದರು. ನಂಬುವಂಥ ಕಥೆಯೇ. 1940ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಯುದ್ಧದ ಹೊತ್ತಿಗೆ ಅಮೆರಿಕದ ವಿಮಾನಗಳು ರಿಪೇರಿಯಾಗುತ್ತಿದ್ದದ್ದು ನಿಜ. ಕಥೆ ಕೇಳುತ್ತಾ 4,000 ರೂಪಾಯಿ ಎಣಿಸಿಕೊಟ್ಟೆ.

ಮನೆಗೆ ಬಂದು ತಿರುಗಿಸಿ ನೋಡಿದೆ. ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಹಿಂದೆಲ್ಲಾ ಬೆಳ್ಳಗಿನ ಬಾಬಿನ್ ದಾರ, ಒಂದೇ ಬಿಗಿ, ಒಂದೇ ಅಳತೆ. ಸೂರ್ಯನಿಂದ ನಕ್ಷತ್ರಕ್ಕೆ ಸೂಜಿ ಹಾರಿದಲ್ಲಿ ಉದ್ದದ ದಾರ ಹಾಗೇ ಉಳಿದಿತ್ತು. ಅಂಚಿನಲ್ಲಿ ನಾನು ದಿನಾ ಹರಿದು ಎಸೆಯುವ ಅದೇ ಎಂಬ್ರಾಯ್ಡರಿ ಪೇಪರಿನ ಚೂರು. ಕಂಪ್ಯೂಟರ್ ಮಷೀನಿನ ಕೆಲಸ ಅದು. ನನ್ನ ಅಂಗಡಿಯಲ್ಲೇ ಹೊಲಿದಂತಿತ್ತು.

ಅವತ್ತಿನಿಂದ ಮೊದಲು ಹಿಂಬದಿ ನೋಡುತ್ತೇನೆ. ಮುಂದಿನ ಭಾಗ ನೋಡಿದರೆ ಮನಸ್ಸು ಸೋಲುತ್ತದೆ, ಅಲ್ವಾ? ನಮ್ಮ ದೇಶದ ಬಜಾರಿನ ಕುಶಲಕರ್ಮಿಗಳು ಆ ಸೈನಿಕರಿಗೆ ಜರಿಯಲ್ಲಿ ಮಾಡಿಕೊಟ್ಟ ಸಿಬಿಐ ಪ್ಯಾಚುಗಳಿವೆ. ಅವು ಒಂದರಂತೆ ಇನ್ನೊಂದಿಲ್ಲ. ಸೂರ್ಯನ ಕಿರಣ ಒಂದು ಗಿಡ್ಡ, ಒಂದು ಉದ್ದ. ಹಿಂದೆ ಬಟ್ಟೆಯೋ ಕಾಗದವೋ ಅಂಟಿಸಿರುತ್ತಾರೆ, ದಾರದ ಗಂಟು ಕೈಗೆ ತಗಲುತ್ತದೆ. ಹಳೆಯ ಜರಿ ಕಪ್ಪಾಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಅಮೆರಿಕದ ಕಾರ್ಖಾನೆಯಲ್ಲಿ ಮಷೀನಿನಿಂದ ಆದ ಆ ಕಾಲದ ಪ್ಯಾಚುಗಳಿಗೆ ಸಾಮಾನ್ಯವಾಗಿ ಕತ್ತರಿಸಿದ ಅಂಚು ಇರುತ್ತದೆ. ಸುತ್ತಲೂ ಹಗ್ಗದಂತೆ ದಪ್ಪ ಓವರ್‌ಲಾಕ್ ಇದ್ದರೆ ನನಗೆ ಅನುಮಾನ ಶುರು.

ಆಮೇಲೆ ಬೆಳಕು. ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ಸಾಕು. ಈಗಿನ ದಾರ, ಬಟ್ಟೆಗೆ ಬೆಳ್ಳಗೆ ಕಾಣಲೆಂದು ರಾಸಾಯನಿಕ ಹಾಕುತ್ತಾರೆ. ಕತ್ತಲಲ್ಲಿ ಅದು ನೀಲಿಯಾಗಿ ಹೊಳೆಯುತ್ತದೆ. ಅದರ ಬಳಕೆ ಜಾಸ್ತಿಯಾದದ್ದು ಯುದ್ಧ ಮುಗಿದ ಮೇಲೆ. ಆದರೆ ಇಷ್ಟಕ್ಕೇ ತೀರ್ಪು ಕೊಡಬೇಡಿ. ಸೋಪಿನ ಪುಡಿಯಲ್ಲೂ ಅದೇ ಇರುತ್ತದೆ. ಯಾರೋ ನಾಲ್ಕು ಸಲ ಒಗೆದಿದ್ದರೆ ಅಸಲಿ ಪ್ಯಾಚೂ ಹೊಳೆದೀತು. ಹೊಳೆಯದಿದ್ದರೆ ಅಸಲಿ ಅಂತಲೂ ಅಲ್ಲ. ಹಳೆಯ ದಾರ ಹುಡುಕಿ ಹೊಲಿಯುವವರಿದ್ದಾರೆ.

ಸುಟ್ಟು ನೋಡುವುದು ಕೊನೆಯ ದಾರಿ. ಪ್ಯಾಚನ್ನಲ್ಲ, ಹಿಂದೆ ಬಿಚ್ಚಿಕೊಂಡಿರುವ ದಾರದ ಒಂದು ಎಳೆಯನ್ನು, ಅದೂ ಮಾಲೀಕರ ಒಪ್ಪಿಗೆ ಪಡೆದು. ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಮುದುಡಿ ಕಪ್ಪು ಮಣಿಯಾಗಿ ಗಟ್ಟಿಯಾಗುತ್ತದೆ. 1943ರದ್ದು ಎಂದವರ ಪ್ಯಾಚಿನಲ್ಲಿ ಆ ಮಣಿ ಬಂದರೆ ಮಾತು ಮುಗಿಯಿತು. ರೇಯಾನ್ ಮಾತ್ರ ಹತ್ತಿಯಂತೆಯೇ ಉರಿಯುತ್ತದೆ. ಹರಿಹರದ ಆಚೆ ಕುಮಾರಪಟ್ಟಣದಲ್ಲಿ ತಯಾರಾಗುವುದೂ ಅಂಥದೇ ನಾರು, ಮರದ ತಿರುಳಿನಿಂದ ಬಂದದ್ದು. ಯುದ್ಧದ ಕಾಲದಲ್ಲೂ ರೇಯಾನ್ ಬಳಕೆಯಲ್ಲಿತ್ತು, ಹಾಗಾಗಿ ಗಾಬರಿ ಬೇಡ.

ಭಾರತೀಯ ವಾಯುಪಡೆಯ ವಸ್ತುಗಳಲ್ಲಿ ಇಸವಿಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ‘ರಾಯಲ್’ ಸೇರಿದ್ದು 1945ರಲ್ಲಿ, ಬಿಟ್ಟುಹೋದದ್ದು 1950ರಲ್ಲಿ. ಅಂದರೆ ಆರ್‌ಐಎಎಫ್ (ರಾಯಲ್ ಇಂಡಿಯನ್ ಏರ್ ಫೋರ್ಸ್) ಎಂಬ ಅಕ್ಷರಗಳಿಗೆ ಐದೇ ವರ್ಷ ಆಯುಸ್ಸು. ಅದರ ಮೇಲೆ ರಾಜನ ಕಿರೀಟ ಇರಬೇಕು. ಎಲಿಜಬೆತ್ ರಾಣಿಯ ಕಾಲದ ಕಿರೀಟ ಕಂಡರೆ ಕೆಳಗಿಡಿ. ಆ ಕಿರೀಟ ಬರುವ ಹೊತ್ತಿಗೆ ನಮ್ಮಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದಾಗಿತ್ತು.

ಇನ್ನೊಂದು ತೊಡಕಿದೆ. 18ನೇ ಸ್ಕ್ವಾಡ್ರನ್, ಅಂದರೆ ಫ್ಲೈಯಿಂಗ್ ಬುಲೆಟ್ಸ್. ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅದರಲ್ಲಿದ್ದವರು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನ್ಯಾಟ್ ವಿಮಾನದಲ್ಲಿ ಹೋರಾಡಿ ಪ್ರಾಣ ಕೊಟ್ಟರು. ವಾಯುಪಡೆಗೆ ಬಂದಿರುವ ಒಂದೇ ಒಂದು ಪರಮವೀರ ಚಕ್ರ ಅವರದು. ಅವರ ಹೆಸರು ಹೇಳಿದರೆ ಪ್ಯಾಚಿನ ಬೆಲೆ ಏರುತ್ತದೆ. ಅದೇ ಸ್ಕ್ವಾಡ್ರನ್ 2020ರಿಂದ ತೇಜಸ್ ಹಾರಿಸುತ್ತಿದೆ. ಈಗಿನ ಪ್ಯಾಚನ್ನು ನಕಲಿ ಅನ್ನಲಾಗುವುದಿಲ್ಲ, ಆದರೆ ಅದನ್ನು 1971ರದ್ದು ಅಂತ ಮಾರುವುದು ಮೋಸವೇ. ಸೆಖೋನರ ಹೆಸರಿನಲ್ಲಿ ಹಾಗೆ ಮಾಡುವವರನ್ನು ಕಂಡರೆ ನನಗೆ ತಡೆಯಲಾಗದ ಸಿಟ್ಟು.

ಎರಡು ವರ್ಷದ ಹಿಂದೆ ಹೊಳಲ್ಕೆರೆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಆ ಮನೆಯ ಯಜಮಾನರು ವಾಯುಪಡೆಯಲ್ಲಿ ಟೆಕ್ನಿಷಿಯನ್ ಆಗಿದ್ದವರು, ತೀರಿಕೊಂಡಿದ್ದರು. ಅಜ್ಜಿ ಟ್ರಂಕು ತೆಗೆದರು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮಡಿಸಿದ ಓವರಾಲಿನ ಎದೆಗೆ ಒಂದು ಪ್ಯಾಚ್. ಒಂದು ಮೂಲೆಯ ಹೊಲಿಗೆ ಬಿಚ್ಚಿತ್ತು. ಮೆಲ್ಲಗೆ ಎತ್ತಿ ನೋಡಿದೆ. ಮುಂದೆ ಬಿಸಿಲಿಗೆ ಬಿಳಿಚಿದ್ದ ಕೆಂಪು, ಹಿಂದೆ ಕುಂಕುಮದ ಹಾಗೆ ಹಸಿಯಾಗಿತ್ತು. ಅದರ ಕೆಳಗೆ ಮುಚ್ಚಿಕೊಂಡಿದ್ದ ಬಟ್ಟೆಯೂ ಸುತ್ತಲಿನದಕ್ಕಿಂತ ಗಾಢ. ದಾರದ ಸಂದಿಯಲ್ಲಿ ಗ್ರೀಸಿನ ಕಪ್ಪು ಕೂತಿತ್ತು. ಚಹಾ ನೀರಿನಲ್ಲಿ ಅದ್ದಿ ಹಳತು ಮಾಡಿದ ಪ್ಯಾಚು ಹಿಂದೆ ಮುಂದೆ ಒಂದೇ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲಿ ಬಿಸಿಲು ಒಂದೇ ಕಡೆ ಬಿದ್ದಿತ್ತು. ಟಾರ್ಚ್ ಜೇಬಿನಿಂದ ತೆಗೆಯಲೇ ಇಲ್ಲ.

ಬೆಲೆ ಕೇಳಲು ಬಾಯಿ ಬರಲಿಲ್ಲ. ‘ಕೊಳೆಯಾಗೈತಲ್ಲ, ಒಗೆದಿಡ್ಲಾ?’ ಅಂತ ಅಜ್ಜಿ ಕೇಳಿದರು. ದಯವಿಟ್ಟು ಬೇಡ ಅಂದೆ. ಕೇಳಿ ಒಂದು ಹಳೆಯ ಕಾಟನ್ ಪಂಚೆ ಪಡೆದು, ಮಡಿಕೆ ಪ್ಯಾಚಿನ ಮೇಲೆ ಬೀಳದ ಹಾಗೆ ಓವರಾಲ್ ಸುತ್ತಿದೆ. ಅಜ್ಜಿ ಅದನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು.